ಊರದ ಹಿಮ್ಮಡಿ

"ಏನಾಗ್ಬೇಕು ನಿಮಗೆ? ಓಡ್ಬೇಕಾ, ಮೆಟ್ಟಿಲು ಹತ್ಬೇಕಾ?" ಮೀನಖಂಡವನ್ನು ಒತ್ತಿ ನೋಡುತ್ತಲೇ ಡಾಕ್ಟರಮ್ಮ ಕೇಳಿದರು.

ಗಾರೆ ಮೇಸ್ತ್ರಿ ಬಾಗಿಲ ಕಡೆ ನೋಡಿದ. ಅಕ್ಕ ಔಷಧಿ ತರಲು ಹೊರಗೆ ಹೋಗಿದ್ದಳು. "ನಾನೊಬ್ಬನೇ ಸ್ನಾನ ಮಾಡ್ಬೇಕು ಮೇಡಂ," ಎಂದ ದನಿ ತಗ್ಗಿಸಿ.

ಕಟ್ಟಡಕ್ಕೆ ಕಟ್ಟಿದ್ದ ಸಾರುವೆಯಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಅವನ ಬಲಗಾಲು ಮರದ ಕೊರಡಾಗಿತ್ತು. ಪಾದ ಕೆಳಮುಖವಾಗಿ ಸೆಟೆದು, ಹಿಮ್ಮಡಿ ನೆಲ ಮುಟ್ಟುತ್ತಲೇ ಇರಲಿಲ್ಲ. ತುದಿಬೆರಳ ಮೇಲೆ, ಕಾಲನ್ನು ಕುಡುಗೋಲಿನಂತೆ ಬೀಸಿ ನಡೆಯುತ್ತಿದ್ದ. ಮನೆಯಲ್ಲಿದ್ದದ್ದು ಅಕ್ಕ ತಮ್ಮ ಇಬ್ಬರೇ. ಒದ್ದೆ ನೆಲದಲ್ಲಿ ಅವಳ ಹೆಗಲೇ ಗತಿ. ಐವತ್ತು ದಾಟಿದ ಗಂಡಸು, ಕಣ್ಣು ಮುಚ್ಚಿ ಕೂತು ನೀರು ಹುಯ್ಯಿಸಿಕೊಳ್ಳಬೇಕಿತ್ತು.

"ಕಾಲು ಕೆಟ್ಟಿಲ್ಲ. ಬಿಗಿ ಹಿಡಿ ಅಂತ ತಲೆ ಹೇಳ್ತಾನೇ ಇದೆ, ಬಿಡು ಅನ್ನೋದನ್ನ ಮರ್ತಿದೆ," ಎನ್ನುತ್ತ ಡಾಕ್ಟರಮ್ಮ ಮೀನಖಂಡಕ್ಕೆ ಸೂಜಿ ಚುಚ್ಚಿದರು. "ಇದು ಬಿಗಿ ಸಡಿಲಿಸುತ್ತೆ. ನಡಿಗೆ ಮಾತ್ರ ನೀವೇ ಕಲೀಬೇಕು."

ವಾರ ಕಳೆಯುವಷ್ಟರಲ್ಲಿ ಬಿಗಿ ಸಡಿಲಿತು, ಅದರ ಜೊತೆ ಧೈರ್ಯವೂ. ಹಾಸಿಗೆಯಿಂದ ಎದ್ದವನು ಮಂಡಿ ಕುಸಿದು, ಹಿಡಿಯಲು ಬಂದ ಅಕ್ಕನನ್ನೂ ಎಳೆದುಕೊಂಡು ಬಿದ್ದ.

"ಕಾಲು ಸೆಟೆದಿದ್ರೂ ಊರುಗೋಲಿನ ಹಾಗೆ ನಿಲ್ಲಿಸ್ತಿತ್ತು. ಅದನ್ನೂ ಕಿತ್ಕೊಂಡ್ರಲ್ಲೇ ಅಕ್ಕಾ!"

"ಅಳೋದು ಆಮೇಲೆ. ಮೊದ್ಲು ನನ್ನ ಕೈ ಮೇಲಿಂದ ಏಳು ಮಹಾರಾಯ."

ಇಬ್ಬರೂ ನಕ್ಕರು. ಆದರೆ ಅವಳು ಏಳಲು ಹೋಗಿ, ಸೊಂಟ ಹಿಡಿದುಕೊಂಡು ಹಲ್ಲು ಕಚ್ಚಿದ್ದು ಅವನ ಕಣ್ಣಿಗೆ ಬಿತ್ತು. ಈ ನೋವು ಇವತ್ತಿನದಲ್ಲ ಎನ್ನಿಸಿತು.

ಅಂದಿನಿಂದ ಫಿಸಿಯೋಥೆರಪಿಯವರು ಹೇಳಿದ್ದಕ್ಕೆ ಎದುರಾಡಲಿಲ್ಲ. ಗೋಡೆಗೆ ಕೈಯಾನಿಸಿ ಮೀನಖಂಡ ಹಿಗ್ಗಿಸಿದ. ಕುರ್ಚಿಯಿಂದ ಎದ್ದ, ಕೂತ, ಮತ್ತೆ ಎದ್ದ. 'ಹಿಮ್ಮಡಿ ಮೊದಲು, ಬೆರಳು ಆಮೇಲೆ' ಎಂದು ಮಗ್ಗಿ ಬಾಯಿಪಾಠ ಮಾಡುವಂತೆ ಗೊಣಗುತ್ತ ನಡೆದ. ಕಾಲು ಮುನಿಸಿಕೊಂಡ ದಿನಗಳೂ ಇದ್ದವು.

ಒಂದು ಬೆಳಿಗ್ಗೆ ಬಚ್ಚಲುಮನೆಯ ಚಿಲಕವನ್ನು ಒಳಗಿನಿಂದ ಹಾಕಿಕೊಂಡ.

"ಚಿಲಕ ಯಾಕೋ? ಬಿದ್ರೆ?"

"ಬಿದ್ರೆ ಕೂಗ್ತೀನಿ. ನೀನು ಕೂತ್ಕೋ ಹೋಗೇ."

ನೆಲ ತಣ್ಣಗಿತ್ತು. ಹಿಮ್ಮಡಿ, ಕೊಂಚ ನಡುಗುತ್ತ, ಅದರ ಮೇಲೆ ಊರಿತು. ಗೋಡೆಯ ಕಂಬಿ ಹಿಡಿದು ಸ್ಟೂಲಿನ ಮೇಲೆ ಕೂತ. ಹೊರಗಿನವಳಿಗೆ ಕೇಳಲೆಂದು ಬೇಕೆಂದೇ ಸದ್ದು ಮಾಡಿ ನೀರು ಹುಯ್ದುಕೊಂಡ.

ಒದ್ದೆ ಮೈಗೇ ಬಟ್ಟೆ ಸಿಕ್ಕಿಸಿಕೊಂಡು ಬಾಗಿಲು ತೆರೆದಾಗ ಅಕ್ಕ ಗೋಡೆಗೊರಗಿ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು. ಟವೆಲ್ ಅವಳ ಮಡಿಲಲ್ಲಿತ್ತು. ಅವನು ಕರೆಯಲಿಲ್ಲ. ತಲೆಯಿಂದ ನೀರು ತೊಟ್ಟಿಕ್ಕಿಸುತ್ತ, ಗೋಡೆ ಹಿಡಿದು, ಸದ್ದಾಗದಂತೆ ಅವಳನ್ನು ದಾಟಿದ.