ಎಂಬತ್ತೆರಡು ಪರ್ಸೆಂಟ್ ಫಿಟ್ಸ್

"ನಮ್ಮಣ್ಣಂಗೆ ಫಿಟ್ಸ್ ಅಂತೆ ಕಣೇ. ಮನೇಲಿ ಯಾರಿಗೂ ಗೊತ್ತಿಲ್ಲ, ಫ್ಯಾಕ್ಟ್ರಿಯವ್ರಿಗೆ ಗೊತ್ತು."

ಬಂಗಾರಪೇಟೆ ಸ್ಟೇಷನ್ನಲ್ಲಿ ಮಾರಿಕುಪ್ಪಂ ರೈಲು ಇನ್ನೂ ಬಂದಿರ್ಲಿಲ್ಲ. ಭಾರ್ಗವಿ ಇಷ್ಟು ಹೇಳಿ ಕಡ್ಲೆಕಾಯಿ ಪೊಟ್ಲ ಮುಂದಕ್ಕೆ ಹಿಡಿದ್ಳು. ರಾಧ ಒಂದು ಕಾಯಿ ತಗೊಂಡ್ಳು, ಸುಲಿಯೋದು ಮರೆತ್ಳು.

"ಯಾವಣ್ಣಂಗೆ?"

"ನಂಗೆಷ್ಟ್ ಜನ ಇದಾರೆ? ರವಿಕಿರಣ್‌ಗೇ. ನೆನ್ನೆ ಶಿಫ್ಟಿಗೆ ಹೋದ್ರೆ ಕ್ರೇನ್ ಹತ್ಬೇಡ ಅಂದ್ರಂತೆ. ಕಂಟ್ರಾಕ್ಟರ್ ಆಫೀಸಿಗೆ ಕರ್ಸಿ ಒಂದು ಕಾಗ್ದ ತೋರ್ಸಿದ್ರಂತೆ. ಈ ಮನೇಲಿ ಫಿಟ್ಸ್ ಇರೋರು ಇರೋ ಚಾನ್ಸು ಎಂಬತ್ತೆರಡು ಪರ್ಸೆಂಟ್ ಅಂತ. ಎಸ್ಸೆಸ್ಸೆಲ್ಸೀಲೂ ಅವ್ನಿಗೆ ಅಷ್ಟು ಬಂದಿರ್ಲಿಲ್ಲ."

ಹೇಳಿ ತಾನೇ ನಕ್ಕಳು. ಭಾರ್ಗವಿ ಹಂಗೇ, ಸಾವಿನ ಮನೇಲೂ ಅವಳಿಗೆ ಒಂದು ಜೋಕು ಸಿಗುತ್ತೆ. ಆದ್ರೆ ಇವತ್ತು ಆ ನಗು ಅರ್ಧದಲ್ಲೇ ಒಣಗೋಯ್ತು.

"ಅವ್ರಿಗೆ ಎಂಗ್ ಗೊತ್ತಾಯ್ತಂತೆ?" ಅಂದ್ಳು ರಾಧ.

"ವೈಫೈ. ನಾವು ಯಾವ್ ಸೈಟ್ ನೋಡ್ತೀವಿ, ಎಷ್ಟೊತ್ತು ನೋಡ್ತೀವಿ, ಎಲ್ಲಾ ನೆಟ್ ಕಂಪ್ನಿಯವ್ರು ಮಾರ್ತಾರಂತೆ. ನಮ್ಮನೆ ಕನೆಕ್ಷನ್ನಿಂದ ಎರಡು ತಿಂಗ್ಳಲ್ಲಿ ನಲವತ್ತೊಂದು ಸಲ ಫಿಟ್ಸ್ ಸೈಟ್ ನೋಡಿದಾರಂತೆ. ಆಸ್ಪತ್ರೇದು, ಮಾತ್ರೇದು, ಫಿಟ್ಸ್ ಇರೋರು ಒಬ್ರಿಗೊಬ್ರು ಕಷ್ಟ ಹೇಳ್ಕೊಳ್ಳೋ ಗುಂಪಿಂದು. ಯಾರೋ ಅದನ್ನ ಕೊಂಡ್ಕೊಂಡು, ರಿಪೋರ್ಟ್ ಅಂತ ಮಾಡಿ, ಕಂಟ್ರಾಕ್ಟರಿಗೆ ಮಾರಿದಾರೆ. ಅಪ್ಪಂಗೆ ರಿಟೈರಾಗಿದೆ. ಫ್ಯಾಕ್ಟ್ರೀಲಿರೋನು ಇವನೊಬ್ನೇ. ಇವನ ತಲೆಗೇ ಕಟ್ಟಿದಾರೆ."

"ಅಣ್ಣ ಏನಂದ?"

"ಏನಂತಾನೆ? ಶನಿವಾರ ಕಂಟ್ರಾಕ್ಟ್ ರಿನ್ಯೂವಲ್. ಅಷ್ಟರೊಳಗೆ ಆ ಕಾಗ್ದ ಸುಳ್ಳು ಅಂತ ತೋರಿಸ್ಬೇಕು, ಇಲ್ಲಾಂದ್ರೆ ಬೇರೆಯೋನು ಹತ್ತುತ್ತಾನೆ ಕ್ರೇನು." ಭಾರ್ಗವಿ ಸಿಪ್ಪೆ ಹಳಿ ಮೇಲೆ ಉದುರಿಸಿದ್ಳು. "ಒಂದ್ ಸಲ ಫಿಟ್ಸ್ ಅಂತ ಬರೆದ್ರೆ ಆಮೇಲೆ ಯಾವ್ ಫ್ಯಾಕ್ಟ್ರೀಲೂ ಹತ್ತಿಸ್ಕೊಳ್ಳಲ್ಲ ಕಣೇ. ಮೇಲಿಂದ ಹತ್ತು ಟನ್ ಕಬ್ಬಿಣ ಬೀಳುತ್ತೆ ಅಂದ್ರೆ ಯಾರು ಒಪ್ತಾರೆ?"

ನಲವತ್ತೊಂದು. ರಾಧ ಯಾವತ್ತೂ ಎಣಿಸಿರ್ಲಿಲ್ಲ. ಅವೆಲ್ಲಾ ಅವಳು ನೋಡಿದ್ದೇ.

ಊರಿಗಾಂ ಲೈನ್ ಮನೆಗಳ ಸಮಾಚಾರ ಗೊತ್ತಲ್ಲ. ಚಿನ್ನದ ಗಣಿ ಕಂಪ್ನಿ ಕಾಲದ ಮನೆಗಳು, ಎರಡು ಮನೆಗೆ ಒಂದೇ ಗೋಡೆ. ಈ ಕಡೆ ಒಗ್ಗರಣೆ ಹಾಕಿದ್ರೆ ಆ ಕಡೆ ಸೀನು. ಮೊದ್ಲು ನಲ್ಲಿ ಒಂದೇ ಇತ್ತು, ಈಗ ವೈಫೈ ಒಂದೇ. ಭಾರ್ಗವಿ ಅಪ್ಪ ಓಂಕಾರಪ್ಪ ದಾವಣಗೆರೆ ಕಡೆಯಿಂದ ಫ್ಯಾಕ್ಟ್ರಿ ಕೆಲಸಕ್ಕೆ ಬಂದು ಇಲ್ಲೇ ನಿಂತೋರು, ಕನೆಕ್ಷನ್ ಅವರ ಹೆಸರಲ್ಲಿ. ಎಡಕ್ಕೆ ರಾಧ ಮನೆ, ಎರಡು ಸೀಮೆಹಸು, ಹಾಲಿನ ವ್ಯಾಪಾರ. ಬಲಕ್ಕೆ ಗಣಿಯಲ್ಲಿ ದುಡಿದು ಮುದುಕರಾದ ಕುಪ್ಪುಸ್ವಾಮಿ ತಾತ. ಮೂರು ಮನೆಗೂ ಒಂದೇ ಪಾಸ್‌ವರ್ಡ್. ನೀರು ಕೊಡಲ್ಲ ಅಂದ್ರೆ ಹೆಂಗೆ ತಪ್ಪೋ, ಪಾಸ್‌ವರ್ಡ್ ಕೊಡಲ್ಲ ಅನ್ನೋದೂ ಹಂಗೇ ತಪ್ಪು ಆ ಲೈನಲ್ಲಿ. ಯಾರ ಹೆಸರಲ್ಲಿದ್ರೆ ಏನು ಅಂತ ಯಾರೂ ಒಂದಿನ ಯೋಚನೆ ಮಾಡಿದ್ದಿಲ್ಲ.

ರಾಧಂಗೆ ಮೊದಲ್ನೇ ಸಲ ಆಗಿದ್ದು ಕಾಲೇಜ್ ಲೈಬ್ರರೀಲಿ. ಬರೀತಾ ಇದ್ದೋಳು ಕಣ್ಣು ಬಿಟ್ರೆ ಎದುರಿಗೆ ಕೂತಿದ್ದೋರು ಎದ್ದು ಹೋಗಿದ್ರು, ನೋಟ್ಸ್ ಮೇಲೆ ಪೆನ್ನು ಉದ್ದಕ್ಕೆ ಗೀಚ್ಕೊಂಡು ಹೋಗಿತ್ತು. ಎರಡ್ನೇ ಸಲ ಕೊಟ್ಟಿಗೇಲಿ ಬಿದ್ಳು, ಕ್ಯಾನು ಉರುಳಿ ಹಾಲೆಲ್ಲಾ ಸಗಣಿ ಪಾಲಾಯ್ತು, ನಾಲಿಗೆ ಕಚ್ಚಿ ರಕ್ತ. ಹಸು ಒದೀತು ಅಂದ್ಳು. ಅಮ್ಮ ಹಸುಗೆ ಎರಡು ಬಿಟ್ಟು ಸುಮ್ಮನಾದ್ಳು.

ಹೇಳ್ಬೋದಿತ್ತು. ಆದ್ರೆ ಕ್ಯಾಸಂಬಳ್ಳೀಲಿ ಅನಸೂಯಮ್ಮತ್ತೆ ಇದ್ದಾಳಲ್ಲ. ಹದಿನೆಂಟಕ್ಕೆ ಫಿಟ್ಸ್ ಬಂತು, ಇವತ್ತಿಗೆ ನಲವತ್ತಾರು. ಅವಳನ್ನ ಒಲೆ ಹತ್ರ ಬಿಡಲ್ಲ, ಬಾವಿ ಹತ್ರ ಬಿಡಲ್ಲ, ಮದುವೆ ಮನೆಗೆ ಕರ್ಕೊಂಡು ಹೋಗಲ್ಲ. ಜಗಲಿ ಮೇಲೆ ಕೂತು ಸೊಪ್ಪು ಬಿಡಿಸ್ತಾಳೆ. ಸೊಂಟದಲ್ಲಿ ಯಾವಾಗ್ಲೂ ಒಂದು ಕಬ್ಬಿಣದ ಬೀಗದಕೈ, ಬಿದ್ರೆ ಕೈಗಿಡೋಕೆ ಅಂತ. ಮಕ್ಕಳು ಕೂಡ ಅವಳನ್ನ ಬೀಗದಕೈ ಅತ್ತೆ ಅಂತಾರೆ. ರಾಧ ಆ ಜಗಲಿ ನೆನೆಸ್ಕೊಂಡಾಗೆಲ್ಲಾ ಬಾಯಿ ಹೊಲ್ಕೊಂಡ್ಳು. ಯಾರಿಗೂ ಕೇಳಲಾಗದ್ದನ್ನ ಫೋನಿಗೆ ಕೇಳಿದ್ಳು. ಫೋನು ಯಾರಿಗೂ ಹೇಳಲ್ಲ ಅಂತ ನಂಬಿದ್ದೇ ನಂಬಿದ್ದು.

ರೈಲಲ್ಲಿ ಕೂತ್ಮೇಲೆ ಭಾರ್ಗವಿ ಕಿಟಕಿ ಕಡೆ ನೋಡ್ತಾ ಅಂದ್ಳು, "ಡಿಲೀಟ್ ಮಾಡಿದ್ರೂ ನಮ್ ಫೋನಲ್ಲಿ ಮಾತ್ರ ಹೋಗೋದಂತೆ. ಅವ್ರತ್ರ ಹಂಗೇ ಇರುತ್ತೆ."

ರಾಧ ದಿನಾ ಡಿಲೀಟ್ ಮಾಡ್ತಿದ್ಳು.

ಸಾಯಂಕಾಲ ಐದಕ್ಕೆ ಕೇಬಲ್ ಬಾಲಾಜಿ ಅಂಗಡಿ ಮುಂದೆ ಅರ್ಧ ಊರಿಗಾಂ ನಿಂತಿತ್ತು. ಲೈನಿಗೆಲ್ಲಾ ನೆಟ್ ಎಳೆದು ಕೊಟ್ಟಿದ್ದು ಅವನೇ. ಕಂಪ್ನಿ ಬೆಂಗಳೂರಿಂದು, ಅದರ ಮುಖ ನೋಡಿದೋರಿಲ್ಲ. ಸಿಕ್ಕೋದು ಬಾಲಾಜಿ ಮುಖ ಒಂದೇ.

"ಎಮ್ಮೆ ರೇಟು ನೋಡ್ದೆ ಕಣ್ಲಾ, ಅರ್ಧ ಗಂಟೇಲಿ ಫೋನು. ಎಮ್ಮೆ ಲೋನ್ ಬೇಕಾ ಅಂತ," ಅಂದ ಒಬ್ಬ.

"ನಿಂಗೆ ಎಮ್ಮೆ. ನಮ್ ಅಳಿಯನಿಗೆ ಕುಡಿತ ಬಿಡಿಸೋ ಸೆಂಟರಿಂದ ಬಂತು ಫೋನು. ಬೀಗರು ಪಕ್ಕದಲ್ಲೇ ಕೂತಿದ್ರು."

"ಏ, ನಮ್ಮತ್ರ ಏನೈತಪ್ಪ ಕದಿಯೋಕೆ? ಮಾರ್ಕೊಂಡೋಗ್ಲಿ ಬಿಡು."

"ನಿನ್ನತ್ರ ಏನೂ ಇಲ್ಲ ಅನ್ನೋದೂ ಯಾರಿಗೋ ಬೇಕಾಗಿರ್ತೈತೆ ಕಣ್ಲಾ," ಅಂದ ಪಕ್ಕದೋನು.

ಕುಪ್ಪುಸ್ವಾಮಿ ತಾತ ಕೋಲೂರಿ ಮುಂದಕ್ಕೆ ಬಂದ್ರು. "ಅಡ ಬಾಲಾಜಿ, ಕೇಳ್ರಾ. ನಾವು ಗಣಿಯಿಂದ ಮೇಲೆ ಬಂದ್ರೆ ಗೇಟಲ್ಲಿ ನಿಲ್ಲಿಸಿ ಬಟ್ಟೆ ಬಿಚ್ಸಿ ಝಡ್ತಿ ಮಾಡ್ತಿದ್ರು. ಬಾಯಲ್ಲಿ, ಕೂದ್ಲಲ್ಲಿ, ಎಲ್ಲಿ ಚಿನ್ನ ಇಟ್ಕೊಂಡಿದೀಯಾ ಅಂತ. ನಾಚ್ಕೆ ಇತ್ತು, ಆದ್ರೂ ಯಾರು ಬಿಚ್ಸ್ತಾನೆ ಅಂತ ಗೊತ್ತಿತ್ತು. ಈಗ ಮನೇಲಿ ಕೂತಿದ್ರೂ ಬಿಚ್ಸ್ತಾನೆ, ಯಾರು ಅಂತಾನೇ ಗೊತ್ತಿಲ್ಲ."

"ತಾತಾ, ನನ್ನನ್ನ ಬೈದ್ರೆ ಏನ್ ಬಂತು?" ಬಾಲಾಜಿ ಒಂದು ಫಾರಂ ಎತ್ತಿ ತೋರಿಸ್ದ. "ಎಲ್ರೂ ಸೈನ್ ಹಾಕಿದೀರ. ನಾಲ್ಕನೇ ಪೇಜು, ಇಂಗ್ಲಿಷಲ್ಲಿ, ಇರುವೆ ಸಾಲಿನಷ್ಟು ಸಣ್ಣಕ್ಕೆ. ನಾನೂ ಓದಿಲ್ಲ, ನೀವೂ ಓದಿಲ್ಲ."

"ವೈರ್ ಕಿತ್ತಾಕ್ರೋ," ಅಂತ ಹಿಂದಿಂದ ಯಾರೋ ಕೂಗಿದ್ರು. ನಾಲ್ಕು ಜನ ಕಂಬದ ಕಡೆ ನಡೆದೂ ಬಿಟ್ರು.

"ಕಿತ್ಕೊಳ್ಳಿ. ಹೋಗಿರೋದು ವಾಪಸ್ ಬತ್ತದಾ?" ಬಾಲಾಜಿ ದನಿ ಏರಿಸ್ಲಿಲ್ಲ. "ನಿಮ್ಗೆ ಅನುಮಾನ ಇದ್ರೆ ಹೇಳಿ. ನಾಳೆ ಕಂಪ್ನಿಯಿಂದ ಲ್ಯಾಪ್‌ಟಾಪ್ ತಗೊಂಡು ಒಬ್ರು ಬತ್ತಾರೆ. ಯಾವ ಮನೇಲಿ ಏನೇನ್ ನೋಡಿದಾರೆ, ಯಾವ ಫೋನಲ್ಲಿ ನೋಡಿದಾರೆ, ಎಲ್ಲಾ ನಿಮ್ಮನೆ ವೈಫೈ ಡಬ್ಬಾದಲ್ಲೇ ಇರ್ತೈತೆ. ಪ್ರಿಂಟ್ ತೆಗ್ಸಿ ಕೊಡ್ತೀನಿ. ಇಲ್ಲೇ, ಎಲ್ರ ಮುಂದೆ ಓದ್ಕೊಳ್ಳಿ."

ಗುಂಪು ತಣ್ಣಗಾಯ್ತು. ಕಂಬದ ಕಡೆ ಹೋದೋರು ಅಲ್ಲೇ ನಿಂತ್ರು. ಒಬ್ಬ ಹೆಂಗಸು ಗಂಡನ ಮುಖ ನೋಡಿದ್ಳು, ಗಂಡ ಚಪ್ಪಲಿ ನೋಡ್ಕೊಂಡ. ಅಪ್ಪಂದಿರು ಮಕ್ಕಳನ್ನ ನೋಡಿದ್ರು, ಮಕ್ಕಳು ಅಪ್ಪಂದಿರನ್ನ. ಎಮ್ಮೆ ರೇಟಿನೋನು ಹಾಲು ಕರೆಯೋ ಹೊತ್ತಾಯ್ತು ಅಂದ. ಆಮೇಲೆ ಒಬ್ಬೊಬ್ರೇ, ಬೆನ್ನು ತೋರಿಸ್ದೆ, ಹಿಂದಿಂದಕ್ಕೆ ಸರ್ಕೊಂಡ್ರು. ಹತ್ತು ನಿಮಿಷದಲ್ಲಿ ಅಂಗಡಿ ಮುಂದೆ ನಾಲ್ಕೇ ಜನ: ಓಂಕಾರಪ್ಪ, ಕುಪ್ಪುಸ್ವಾಮಿ ತಾತ, ಭಾರ್ಗವಿ, ರಾಧ.

"ನನಗೆ ಬೇಕು ನೋಡಪಾ ಆ ಪ್ರಿಂಟು," ಅಂದ್ರು ಓಂಕಾರಪ್ಪ. ಮಧ್ಯಾಹ್ನದಿಂದ ಈ ಕಂಪ್ನಿ ಮೇಲೆ ಕೇಸ್ ಹಾಕ್ತೀನಿ ಅಂತಿದ್ದೋರು ಈಗ ಅದೇ ಕಂಪ್ನಿ ಕಾಗದಕ್ಕೆ ಕೈ ಒಡ್ಡಿದ್ರು. "ನನ್ನ ಮಗನ ಫೋನಲ್ಲ ಅಂತ ಕಾಣಬೇಕು, ಅಷ್ಟೇ. ಯಾರದಾದ್ರೂ ಆಗಲಿ."

"ಹತ್ತು ಗಂಟೆಗೆ ಮೂರು ಮನೆ ಫೋನೂ ತಗೊಂಡು ಬನ್ನಿ ಸಾರ್. ತಾಳೆ ನೋಡಿದ್ರೆ ಐದು ನಿಮಿಷದ ಕೆಲ್ಸ."

ಕುಪ್ಪುಸ್ವಾಮಿ ತಾತ ಕೆಮ್ಮಿದ್ರು. "ಓಂಕಾರಪ್ಪ, ನನ್ ಹೆಸ್ರು ಬರ್ಸ್ಕೊಳ್ಳಪ್ಪ. ಮುದುಕಂಗೆ ಫಿಟ್ಸ್ ಅಂತ. ಎಪ್ಪತ್ತೆಂಟರಲ್ಲಿ ನನ್ಗ್ಯಾವ ಕ್ರೇನು, ನನ್ಗ್ಯಾವ ಮದುವೆ?"

ರಾಧ ಎದೆ ಒಂದು ಕ್ಷಣ ಹಗುರಾಯ್ತು. ಹೌದು, ಹಂಗೇ ಮಾಡಿ ಅಂತ ನಾಲಿಗೆ ತುದಿಗೆ ಬಂದಿತ್ತು.

"ನಿಮ್ದು ಬಟನ್ ಫೋನು ತಾತಾ," ಅಂದ ಬಾಲಾಜಿ. "ಅದ್ರಲ್ಲಿ ಹಾವಿನ ಆಟ ಬಿಟ್ರೆ ಏನೂ ಬರಲ್ಲ."

ರಾಧ ಮನೇಲಿ ಅವಳಮ್ಮ ಚಿಕ್ಕವೆಂಕಟಮ್ಮ ಹಸುಗೆ ಹಿಂಡಿ ಕಲೆಸ್ತಿದ್ಳು. ಓಂಕಾರಪ್ಪ ಬಾಗಿಲಲ್ಲೇ ನಿಂತು ಸಂಕೋಚದಿಂದ ವಿಷಯ ಹೇಳಿದ್ರು.

"ಅದಕ್ಯಾಕೆ ಇಷ್ಟು ಮುಜುಗರ ಸಾರೂ? ತಗೊಂಡೋಗಿ. ನಮ್ಮೆಜಮಾನ್ರುದೂ ತಗೊಂಡೋಗಿ, ರಾಧಂದೂ ತಗೊಂಡೋಗಿ. ನಮ್ಮನೇಲಿ ಬಚ್ಚಿಡೋ ಅಂಥದ್ದೇನೈತೆ?" ಅಂದ್ಳು ಅಮ್ಮ. ಅವರು ಹೋದ್ಮೇಲೆ ಮಗಳ ಕಡೆ ತಿರುಗಿ, "ಯಾರೋ ಪಾಪಿ ಮುಂಡೇವು, ತಮ್ಮ ರೋಗಾನ ಆ ಉಡ್ಗನ ತಲೆಗೆ ಕಟ್ಟವ್ರೆ. ಫಿಟ್ಸ್ ಇರೋದನ್ನ ಅಂಗೆ ಮುಚ್ಚಿಕ್ತಾರಾ? ನಮ್ಮ ಅನಸೂಯಮ್ಮನ್ನ ನೋಡು, ಎಲ್ರಿಗೂ ಏಳಿ ಒಂದ್ಕಡೆ ಕೂರ್ಸಿದೀವಿ."

ರಾಧ ಕೊಟ್ಟಿಗೆ ಹಿಂದಕ್ಕೆ ಹೋಗಿ ಫೋನ್ ತೆಗೆದ್ಳು. ಒಡೆದು ಹಾಕ್ಬೋದು. ಮೈಸೂರು ಮೈನ್ಸ್ ಕಡೆ ಹೋದ್ರೆ ಬಾಯಿ ತೆರ್ಕೊಂಡಿರೋ ಹಳೇ ಗುಂಡಿ ಎಷ್ಟಿಲ್ಲ, ಎಸೆದ್ರೆ ಬಿದ್ದ ಸದ್ದೂ ಮೇಲೆ ಬರಲ್ಲ. ಆದ್ರೆ ನಾಳೆ ಹತ್ತಕ್ಕೆ ಮೂರು ಮನೇಲಿ ಇಲ್ಲದ ಫೋನು ಅವಳದೊಂದೇ ಆಗಿರುತ್ತೆ. ಹಂಗೇ ನೋಡ್ತಾ ಇದ್ದಾಗ ಅದು ಕೈಯಲ್ಲೇ ನಡುಗ್ತು. ಗೊತ್ತಿಲ್ಲದ ನಂಬರು.

"ನಮಸ್ಕಾರ ಮೇಡಂ," ಹೆಣ್ಣು ದನಿ, ಬೆಲ್ಲದ ಪಾಕದಂಥದ್ದು. "ಫಿಟ್ಸ್ ಕ್ಲಿನಿಕ್ಕಿಂದ ಮಾತಾಡ್ತಿರೋದು. ನಿಮ್ಮ ಮನೇಲಿ ಫಿಟ್ಸ್ ಇರೋರು ಈಗ ಹೇಗಿದ್ದಾರೆ?"

"ಯಾರೂ ಇಲ್ಲ," ಅಂದ್ಳು ರಾಧ.

"ಪರವಾಗಿಲ್ಲ ಮೇಡಂ. ಹೇಳೋಕೆ ಕಷ್ಟ ಆಗುತ್ತೆ, ನಮಗೆ ಗೊತ್ತು. ಎರಡು ದಿನ ಬಿಟ್ಟು ಮನೆಯವರ ನಂಬರಿಗೇ ಮಾಡ್ತೀವಿ."

ಕಟ್ಟಾಯ್ತು. ಹಸು ಹಗ್ಗ ಜಗ್ಗಿ ಅವಳನ್ನೇ ನೋಡ್ತಿತ್ತು. ರಾಧ ಗೋಡೆಗೆ ಒರಗಿ ಕೂತ್ಳು. ಗೋಡೆ ಆಚೆ ಭಾರ್ಗವಿ ಅಮ್ಮ ಅಳ್ತಿದ್ದದ್ದು ಕೇಳಿಸ್ತಿತ್ತು. ಆ ಲೈನಲ್ಲಿ ಅಳೋದೂ ಎರಡು ಮನೆಗೆ ಒಂದೇ. ಈ ಫೋನಿನೋರು ಹೇಳೋಕಿಂತ ಮುಂಚೆ ನಾನೇ ಹೇಳ್ಬೇಕು ಅನ್ನಿಸ್ತು ಅವಳಿಗೆ. ಧೈರ್ಯ ಅಂತೇನಲ್ಲ, ಆ ಬೆಲ್ಲದ ದನಿ ಅಮ್ಮನ ಕಿವಿಗೆ ಬೀಳೋದನ್ನ ನೆನೆಸ್ಕೊಂಡ್ರೇ ಮೈ ಜುಂ ಅಂತಿತ್ತು.

ರವಿಕಿರಣ್ ಲೈನ್ ಕೊನೇಲಿರೋ ಮೋರಿ ಕಟ್ಟೆ ಮೇಲೆ ಕೂತಿದ್ದ. ಎದುರಿಗೆ ಗಣಿ ಮಣ್ಣಿನ ದಿಬ್ಬ, ಹೊತ್ತು ಮುಳುಗೋ ಬೆಳಕಲ್ಲಿ ಸತ್ತ ಆನೆ ಮಲಗಿದಂಗೆ ಕಾಣ್ತಿತ್ತು. ಯೂನಿಫಾರಂ ಶರ್ಟ್ ಇನ್ನೂ ಮೈ ಮೇಲೇ ಇತ್ತು, ಕೆಲಸ ಇಲ್ಲದಿದ್ರೂ ಬೆಳಗ್ಗೆ ಹಾಕ್ಕೊಂಡಿದ್ದ.

"ಬಾ ರಾಧಮ್ಮ. ದೂರ ಕೂತ್ಕೋ, ಎಂಬತ್ತೆರಡು ಪರ್ಸೆಂಟ್ ಬಿದ್ದೋಗ್ತೀನಿ."

"ಅಣ್ಣ, ಫೋನ್ ಅಲ್ಲೇ ಕಟ್ಟೆ ಮೇಲಿಟ್ಟು ಈ ಕಡೆ ಬಾ."

ಅವನು ಯಾಕೆ ಅಂತ ಕೇಳ್ಲಿಲ್ಲ. ಒಂದಿನದಲ್ಲಿ ಎಲ್ರಿಗೂ ಆ ಬುದ್ಧಿ ಬಂದಿತ್ತು. ಇಬ್ರೂ ಫೋನುಗಳನ್ನ ಪಕ್ಕಪಕ್ಕ ಬೋರಲು ಮಲಗಿಸಿ ಇಪ್ಪತ್ತು ಹೆಜ್ಜೆ ಆಚೆ ಹೋಗಿ ಜಾಲಿ ಗಿಡದ ಹತ್ರ ನಿಂತ್ರು.

"ನಾಳೆ ಆ ಲ್ಯಾಪ್‌ಟಾಪ್ನೋರು ಬರೋಕ್ ಮುಂಚೆ ನನ್ಜೊತೆ ದೊಡ್ಡಾಸ್ಪತ್ರೆಗೆ ಬತ್ತೀಯಾ?"

"ಯಾಕೆ? ನನ್ಗೆ ಫಿಟ್ಸ್ ಇಲ್ಲ ಅಂತ ಬರ್ಸ್ಕೊಂಡ್ ಬರೋಕಾ? ಆ ಕಾಗ್ದ ಯಾರೂ ನಂಬಲ್ಲ. ಇಲ್ಲ ಅನ್ನೋ ಕಾಗ್ದಕ್ಕಿಂತ ಇದೆ ಅನ್ನೋ ಕಾಗ್ದಕ್ಕೇ ಬೆಲೆ ಅಂತೆ."

"ನನ್ಗೈತೆ ಅಂತ ಬರ್ಸ್ಕೊಂಡ್ ಬರೋಕೆ."

ರವಿಕಿರಣ್ ಅವಳ ಮುಖ ನೋಡ್ದ. ಮೊದ್ಲು ಸಿಟ್ಟು ಬಂತು ಅವನ ಕಣ್ಣಿಗೆ, ಅದು ರಾಧಂಗೂ ಕಾಣಿಸ್ತು, ಅವಳು ತಲೆ ತಗ್ಗಿಸ್ಲಿಲ್ಲ.

"ಎಷ್ಟ್ ಸಲ ಬಂದಿದೆ?"

"ಎರಡು. ಕೊಟ್ಟಿಗೇಲಿ ಒಂದ್ಸಲ."

"ಹಸು ಒದೀತು ಅಂದಿದ್ದಲ್ಲ."

"ಊಂ."

"ಮನೇಲಿ?"

"ಗೊತ್ತಿಲ್ಲ. ನಾಳೆ ಗೊತ್ತಾಗ್ತೈತೆ. ಡಾಕ್ಟ್ರು ಮಾತ್ರೆ ಬರ್ಕೊಟ್ಟ ಚೀಟಿ ಕೈಲಿಟ್ಕೊಂಡು ಏಳ್ತೀನಿ. ಬರೀ ಬಾಯಲ್ಲಿ ಏಳಿದ್ರೆ ನನ್ನನ್ನ ಕ್ಯಾಸಂಬಳ್ಳಿ ಜಗಲಿಗೆ ಕಳಿಸ್ತಾರೆ. ಒಬ್ಳೇ ಓಗೋಕೆ ಭಯ ಆಯ್ತದೆ ಅಣ್ಣ, ದಾರೀಲಿ ಬಿದ್ರೆ ಯಾರವ್ರೆ?"

ಕಟ್ಟೆ ಮೇಲೆ ಒಂದು ಫೋನು ಬಡ್ಕೊಳ್ಳೋಕೆ ಶುರುವಾಯ್ತು. ಅದು ನಿಂತ ಕೂಡ್ಲೇ ಇನ್ನೊಂದು. ಇಬ್ರೂ ಅತ್ತ ತಿರುಗಿದ್ರು, ಯಾರೂ ಹೆಜ್ಜೆ ಇಡ್ಲಿಲ್ಲ.

"ಎಷ್ಟೊತ್ತಿಗೆ ಅಂದ್ಕೊಂಡಿದೀಯಾ?" ಅಂದ ರವಿಕಿರಣ್.

"ಒಂಬತ್ತಕ್ಕೆ."

"ಬೇಡ. ಚೀಟಿ ಮಾಡ್ಸೋ ಸಾಲು ಉದ್ದ ಇರುತ್ತೆ, ಹತ್ತಕ್ಕೆ ವಾಪಸ್ ಬರೋಕಾಗಲ್ಲ. ಏಳೂವರೆಗೆ ಇಲ್ಲೇ, ಈ ಗಿಡದ ಹತ್ರ ಬಂದಿರು. ಫೋನ್ ಮನೇಲೇ ಬಿಟ್ಟು ಬಾ."