ನಲ್ಲಿಯ ಸದ್ದು

ವಿಶ್ವವಿದ್ಯಾಲಯದ ಸಂಶೋಧನಾ ಪ್ರದರ್ಶನದಲ್ಲಿ ಎಲ್ಲ ವಿದ್ಯಾರ್ಥಿಗಳ ಪೋಸ್ಟರುಗಳಿಗೂ ಸಭಾಂಗಣದಲ್ಲಿ ಜಾಗ ಸಿಕ್ಕಿತ್ತು. ಅವಳದಕ್ಕೆ ಮಾತ್ರ ಗಂಡಸರ ಶೌಚಾಲಯದ ಪಕ್ಕದ ಗೋಡೆ.

"ಕೈ ತೊಳೆಯೋದರ ಬಗ್ಗೆ ತಾನೇ ನಿನ್ನ ಸಂಶೋಧನೆ? ಇದೇ ಸರಿಯಾದ ಜಾಗ ಬಿಡಮ್ಮ," ಎಂದು ವಿಭಾಗದ ಮುಖ್ಯಸ್ಥರು ಎಲ್ಲರೆದುರು ನಕ್ಕಿದ್ದರು.

ಅತ್ತುಕೊಂಡು ಮನೆಗೆ ಹೋಗುವ ಜಾಯಮಾನ ಅವಳದಲ್ಲ. ಅಲ್ಲೇ ಟೊಂಕ ಕಟ್ಟಿ ನಿಂತಳು. ನೋಡಲು ಬಂದವರಿಗೆ, "ಒಳಗೆ ಇಣುಕೋದೇನೂ ಬೇಡ, ಕಿವಿಗೊಟ್ಟು ಕೇಳಿ. ಫ್ಲಶ್ ಆದ ಮೇಲೆ ನಲ್ಲಿ ಸದ್ದು ಬಂತಾ, ಇಲ್ವಾ? ಅಷ್ಟೇ ನನ್ನ ಲೆಕ್ಕ," ಎಂದಳು. ಒಬ್ಬೊಬ್ಬರು ಹೊರಬಂದಾಗಲೂ ಪೋಸ್ಟರಿನ ಮೇಲೆ ಒಂದೊಂದು ಗೀಟು. ಜನಕ್ಕೆ ರುಚಿ ಹತ್ತಿತು. ಮಧ್ಯಾಹ್ನದ ಹೊತ್ತಿಗೆ ಸಭಾಂಗಣ ಬಿಕೋ ಎನ್ನುತ್ತಿತ್ತು, ಇಲ್ಲಿ ಕಾಲಿಡಲು ಜಾಗವಿರಲಿಲ್ಲ.

ಒಳಗೆ ಫ್ಲಶ್ ಆಯಿತು. ಗುಂಪೆಲ್ಲ ಉಸಿರು ಬಿಗಿಹಿಡಿದು ಆಲಿಸಿತು. ನಲ್ಲಿಯ ಸದ್ದೇ ಇಲ್ಲ. ಬಾಗಿಲು ತೆರೆದು ಬಂದವರು ಮುಖ್ಯಸ್ಥರು! ಅಷ್ಟೊಂದು ಜನರನ್ನು ಕಂಡು ಅವರ ಮುಖ ಅರಳಿತು.

"ಭೇಷ್! ನಾನು ಆರಿಸಿದ ಜಾಗ ಅಂದ್ರೆ ಸುಮ್ನೇನಾ?" ಎನ್ನುತ್ತ ಅವಳತ್ತ ಕೈ ಚಾಚಿದರು.

ಅವಳು ಆ ಕೈ ಮುಟ್ಟಲಿಲ್ಲ. 'ತೊಳೆಯದವರು' ಎಂಬ ಸಾಲಿನಲ್ಲಿ ದಪ್ಪನೆಯ ಗೀಟೊಂದನ್ನು ಎಳೆದಳು.

"ನಲ್ಲಿ ಎಡಗಡೆ ಇದೆ, ಸಾರ್."