ಸಹಿ ಬರುವವಳ ಹೆಬ್ಬೆಟ್ಟು

ಸೊಳೆಯ ಹೊಟ್ಟೆಗೆ ಹೆಬ್ಬೆರಳು ಹಾಕಿ ಸೀಳಿದರೆ ಬೀಜ ತಾನೇ ಜಾರಿ ಬೀಳುತ್ತದೆ, ಎಣ್ಣೆ ಸವರಿಕೊಂಡಿದ್ದರೂ ಮೇಣ ಉಗುರಿನ ಸಂದಿಗೆ ಹೋಗಿ ಕೂತಿದೆ, ಇದು ಎರಡನೇ ಹಲಸು, ಇನ್ನೂ ಎರಡು ಹೋಳಾಗಿ ಬಿದ್ದಿವೆ, ಹೋಳು ಮಾಡಿದ್ದು ನಾಳೆಗೆ ಕಾಯುವುದಿಲ್ಲ, ಇವತ್ತೇ ಬೇಯಿಸಿ ಕುಟ್ಟಿ ಹಪ್ಪಳ ಒತ್ತಿ ಮುಗಿಸಬೇಕು — ಮತ್ತು ಇವತ್ತು ಬುಧವಾರ, ಅನುಶ್ರೀಯ ಕಾಗದ ಹೋಗಬೇಕಾದದ್ದು ಶುಕ್ರವಾರದೊಳಗೆ. ಮೊಮ್ಮಗಳು, ಶಿರಸಿಯಲ್ಲಿ ಹಾಸ್ಟೆಲಿನಲ್ಲಿದ್ದು ಕಾಡಿನ ವಿದ್ಯೆ ಓದುವವಳು, ಜರ್ಮನಿಯ ಒಂದು ಕಾಲೇಜಿಗೆ ಐದು ತಿಂಗಳು ಹೋಗಿ ಓದಿ ಬರಲು ಅವಳನ್ನು ಆರಿಸಿದ್ದಾರೆ, ಇಡೀ ಕಾಲೇಜಿನಿಂದ ಇಬ್ಬರನ್ನು. ಅಲ್ಲಿ ಫೀ ಇಲ್ಲ, ವಿಮಾನದ ಟಿಕೆಟ್ಟು, ಕೋಣೆ, ಊಟ ನಮ್ಮದು, ಆರು ಲಕ್ಷ. ಅವಳ ಅಪ್ಪ, ನನ್ನ ಮಗ, ಅಷ್ಟು ನನ್ನತ್ರ ಎಲ್ಲದೆ ಎಂದು ಹೇಳಿ ಗದ್ದೆಗೆ ಹೋದ. ನನ್ನತ್ರ ಇದೆ. ರಸ್ತೆ ಅಗಲ ಮಾಡುವಾಗ ತ್ಯಾಗಲಿಯ ಗದ್ದೆಯ ಒಂದು ತುಂಡು ಹೋಯಿತು, ಅದರ ಪರಿಹಾರ ಸಿದ್ದಾಪುರದ ಬ್ಯಾಂಕಿನಲ್ಲಿ ಕೂತು ಬೆಳೆದಿದೆ. ಖರ್ಚು ಯಾರದು ಎಂದು ಬರೆದು, ಬ್ಯಾಂಕಿನ ಕಾಗದವನ್ನೂ ಜೊತೆಗೆ ಕೊಡಬೇಕಂತೆ, ಬರೆದೆ, ಇವಳ ಖರ್ಚು ನನ್ನದು, ಕೆಳಗೆ ಸಹಿ, ದುರ್ಗಿ ಕೆರಿಯ ನಾಯ್ಕ. ಹೋದ ವಾರ ಅದು ಜರ್ಮನಿಯ ಕಾಲೇಜಿನಿಂದ ವಾಪಸು ಬಂತು. ಬ್ಯಾಂಕಿನವರ ಕಾಗದದಲ್ಲಿ ಈ ಖಾತೆ ಹೆಬ್ಬೆಟ್ಟಿನದು ಎಂದಿದೆ, ನಿಮ್ಮ ಕಾಗದದಲ್ಲಿ ಸಹಿ ಇದೆ, ಇಬ್ಬರೂ ಒಬ್ಬರೇ ಎಂದು ತಿಳಿಯುವುದು ಹೇಗೆ. ಕೇಳಿದ್ದು ಸರಿ. ಅನುಶ್ರೀ ಫೋನಿನಲ್ಲಿ, ಅಜ್ಜಿ, ನಿಂಗೆ ಸೈ ಬತ್ತದಲ, ಪೇಪರ್ ಓದ್ತೆ, ನನ್ನ ನೋಟ್ಸಲ್ಲಿ ತಪ್ಪು ಹುಡುಕ್ತೆ, ಬ್ಯಾಂಕಲ್ಲಿ ಮಾತ್ರ ಎಂತಕ್ಕೆ ಹೆಬ್ಬೆಟ್ಟು. ಹಂಗೇ ಆಗೋತು ಮಗಾ ಎಂದೆ.

ಹಾಗೇ ಆದದ್ದಲ್ಲ, ರಾತ್ರಿ ಶಾಲೆಗೆ ಹೋಗುವಾಗ ನನಗೆ ನಲವತ್ತು, ಕಲಿಸಲು ಬಂದವಳು ಬನವಾಸಿ ಕಡೆಯ ಪಾರ್ವತವ್ವ, ಬರ್ರಿ ದುರ್ಗವ್ವಾರ, ಕೂಡ್ರಿ, ಬಳಪ ಹಿಂಗ ಹಿಡೀರಿ, ಕುಡಗೋಲಲ್ಲ ಅದು — ನನಗೆ ನಗು ಬಂದು ಬಳಪ ಮುರಿಯುತ್ತದೆ, ಇನ್ನೊಂದು ಕೊಡುತ್ತಾಳೆ. ವರ್ಷ ಮುಗಿಯುವಾಗ ಒಬ್ಬೊಬ್ಬರಿಂದಲೂ ಒಂದು ಅರ್ಜಿ ಬರೆಸಿದಳು, ಮ್ಯಾನೇಜರ್ ಸಾಹೇಬರಿಗೆ, ಇನ್ನು ಮುಂದೆ ನನ್ನ ಹೆಬ್ಬೆಟ್ಟಿನ ಬದಲು ಸಹಿಯನ್ನು ಸ್ವೀಕರಿಸಬೇಕಾಗಿ ವಿನಂತಿ. ಎಂಟು ಸಾಲು. ಉಳಿದ ಹೆಂಗಸರೆಲ್ಲ ಕೊಟ್ಟು ಬಂದರು. ನಮ್ಮದು ಜಂಟಿ ಖಾತೆ. ಗಂಡನ ಹೆಸರು ಹೇಳಬಾರದು ಎನ್ನುತ್ತಿದ್ದರು, ಮನಸ್ಸಿನಲ್ಲಿ ಹೇಳಿದರೆ ಯಾರು ಕೇಳುತ್ತಾರೆ, ಕೆರಿಯ ಶಾಲೆಗೆ ಸೇರಿದವನಲ್ಲ, ಎರಡು ದಿನ ಬಾಗಿಲ ತನಕ ಬಂದು ಬೀಡಿ ಸೇದಿ ತಿರುಗಿ ಹೋದ. ಅರ್ಜಿಯನ್ನು ಅವನಿಗೆ ಓದಿ ಹೇಳಿದೆ. ಒಳ್ಳೇದಾತು ಎಂದ, ಆಮೇಲೆ, ಅಂದ್ರೆ ಆ ಬ್ಯಾಂಕಿನ ಹುಡ್ಗ ನಿಂಗೆ ಪೆನ್ನು ಕೊಡ್ತ, ನನ್ನ ಬೆರಳು ಹಿಡೀತ, ಅಲ್ದನೇ? ನಗುತ್ತಲೇ ಹೇಳಿದ. ಆ ನಗು ನನಗೆ ಗೊತ್ತು, ಗೇಣಿ ಅಳೆಯುವ ಕಾಲದಲ್ಲಿ ಒಡೆಯರ ಅಂಗಳದಲ್ಲಿ ನಿಂತು ನಗುತ್ತಿದ್ದ ನಗು, ಭೂಮಿ ನಮ್ಮದಾದ ಮೇಲೆ ಅದು ಮುಖದಿಂದ ಹೋಗಿತ್ತು. ಅರ್ಜಿ ಟ್ರಂಕಿಗೆ ಹೋಯಿತು.

ಆಮೇಲೆ ಪ್ರತಿ ಸಲವೂ ಇಬ್ಬರೂ ಕೈ ಚಾಚಿದೆವು, ಬ್ಯಾಂಕಿನ ವಿಘ್ನೇಶ್ವರ, ಆಗ ಹುಡುಗ, ಮೊದಲು ಕೆರಿಯನ ಬೆರಳು, ಆಮೇಲೆ ನನ್ನದು, ಹಿಡಿದು ಉರುಳಿಸುತ್ತಾನೆ, ಅಲ್ಲಾಡ್ಸಬೇಡಿ ಅಮ್ಮ. ಒಂದು ಸಲ ಚೀಟಿಯಲ್ಲಿ ಒಂದು ಸೊನ್ನೆ ಕಡಿಮೆ ಬರೆದ, ನನಗೆ ಕಾಣುತ್ತದೆ, ಓದಲು ಬಾರದವಳು ಹೇಳುವುದು ಹೇಗೆ, ಇನ್ನೊಂದ್ ಸಲ ನೋಡು ತಮ್ಮಾ, ಯಾಕೋ ಕಮ್ಮಿ ಅನಿಸ್ತದೆ. ನೋಡಿದ, ತಿದ್ದಿದ, ಅಮ್ಮನ ಅಂದಾಜು ಭಾರೀ ಅದೆ ಮಾರಾಯ್ರೆ ಎಂದ. ಕೆರಿಯ ನನ್ನ ಕಡೆ ನೋಡಲಿಲ್ಲ, ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಯಾವತ್ತೂ ಒಂದೇ ಬನ್ನು ತೆಗೆದುಕೊಂಡು ಅರ್ಧ ಮಾಡುತ್ತಿದ್ದವನು ಆ ದಿನ ಎರಡು ತರಿಸಿದ, ಎರಡನ್ನೂ ನನ್ನ ಮುಂದೆ ದೂಡಿದ, ತಿನ್ನು, ಎಂದ, ಅಷ್ಟೇ. ಆರು ವರ್ಷದ ಹಿಂದೆ ತೀರಿಕೊಂಡ, ಅವನ ಹೆಸರು ಖಾತೆಯಿಂದ ತೆಗೆದರು, ಅದಕ್ಕೂ ಹೆಬ್ಬೆಟ್ಟೇ ಒತ್ತಿದೆ, ಪಕ್ಕದಲ್ಲಿ ನಿಂತವರು ಯಾರೂ ಇರಲಿಲ್ಲ, ಆದರೂ ಒತ್ತಿದೆ, ಅವನು ಹೋದ ಮರುದಿನವೇ ಪೆನ್ನು ಹಿಡಿದಳು ಎಂದಾಗಬಾರದು ಎಂದು ಇರಬಹುದು, ಇಲ್ಲದಿರಬಹುದು, ಆರು ವರ್ಷ ಮರುದಿನವಾಗಿಯೇ ಉಳಿಯಿತು.

ನಿನ್ನೆ ವಿಘ್ನೇಶ್ವರನಿಗೆ ಫೋನು ಮಾಡಿದೆ, ಈಗ ಅವನ ಧ್ವನಿಗೂ ವಯಸ್ಸಾಗಿದೆ, ಅರ್ಜಿ ಬುಧವಾರ ಬರ್ಲಿ ಅಮ್ಮ, ಬರದಿದ್ರೆ ಈ ವಾರ ಆಗೂದಿಲ್ಲ, ಗುರುವಾರ ನೀವು ಬಂದು ಮ್ಯಾನೇಜರ ಎದುರಿಗೆ ಸೈ ಮಾಡಿ, ಅವತ್ತೇ ಹೊಸ ಕಾಗದ ಕೊಡ್ತೆ, ಅಲ್ಲ, ಸೈ ನಿಮಗೆ ಬತ್ತದಾ? ಬತ್ತದೆ. ಯಾವಾಗಿಂದ? ಆ ಸೊನ್ನೆ ಕಮ್ಮಿ ಆದಾಗಿಂದ್ಲೂ ಬತ್ತದೆ. ಅವನು ಕೆಮ್ಮಿದ. ಬೆಳಗ್ಗೆ ಕೈಗೆ ಎಣ್ಣೆ ಹಚ್ಚುವ ಮೊದಲೇ ಟ್ರಂಕು ತೆಗೆದೆ, ಅದೇ ಹಾಳೆ, ಅಂಚು ಹಳದಿಯಾಗಿದೆ, ಅಕ್ಷರ ದಪ್ಪ ದಪ್ಪ, ಹೊಸ ಹಾಳೇಲಿ ಬರಿ ಅಜ್ಜಿ ಎಂದಳು ಅನುಶ್ರೀ ಫೋನಿನಲ್ಲಿ, ಇದ್ರಲ್ಲಿ ಬರ್ದಿದ್ದು ಓದೂಕೆ ಬತ್ತದಲ, ಮತ್ತೆಂತಕ್ಕೆ ಹೊಸದು ಎಂದೆ. ಇಸವಿ ತಿದ್ದಿದೆ. ಮೂರನೇ ಸಾಲಿನಲ್ಲಿ, ನಾನು ಮತ್ತು ನನ್ನ ಗಂಡ ಇವರ ಜಂಟಿ ಖಾತೆ ಎಂದಿತ್ತು, ಪೆನ್ನು ಅಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತೋ, ಒಲೆಯ ಮೇಲಿನ ನೀರು ಕುದಿಯುವ ಸದ್ದು ಬಂತು, ಒಂದು ಗೀಟು ಎಳೆದೆ, ತೆಳ್ಳಗೆ, ಕೆಳಗಿನದು ಓದಲು ಸಿಗುವ ಹಾಗೆ.

ಹಾರ್ನು. ಒಂಬತ್ತೂವರೆಯ ಬಸ್ಸು ತಿರುವಿನಲ್ಲಿದೆ, ಕೈ ಒರೆಸಿಕೊಂಡು ಎದ್ದೆ, ಮೊಣಕಾಲು ಆಮೇಲೆ ಎದ್ದಿತು, ನಮ್ಮ ಕಡೆ ಪೇಟೆಗೆ ಹೋಗಬೇಕಾದದ್ದು ಹಾಲಾಗಲಿ ಔಷಧದ ಚೀಟಿಯಾಗಲಿ ಕಂಡಕ್ಟರ ಕೈಯಲ್ಲೇ ಹೋಗುತ್ತದೆ, ಈಗಿನವನು ಹಾವೇರಿ ಕಡೆಯ ಪವನ್, ಮೆಟ್ಟಿಲ ಮೇಲೆ ನಿಂತೇ ಕೈ ಚಾಚಿದ, ಕೊಡ್ರಿ ಅಜ್ಜಿ, ಏನೈತಿ ಇದ್ರಾಗ, ಪ್ರೇಮಪತ್ರ ಏನ್ರಿ? ಬ್ಯಾಂಕಿಂದು, ವಿಘ್ನೇಶ್ವರನ ಕೈಗೇ ಕೊಡು, ಮಡಚಬೇಡ. ಮಡಚಂಗಿಲ್ರಿ ಬಿಡ್ರಿ. ಖಾಕಿ ಅಂಗಿಯ ಜೇಬಿಗೆ ಇಟ್ಟ, ಜೇಬು ಗಿಡ್ಡ, ಕಾಗದ ಉದ್ದ, ಒಂದು ಮೂಲೆ ಹೊರಗೆ ನಿಂತಿತು, ಎರಡು ಬೆರಳಷ್ಟು, ಒಳಗೆ ದೂಡು ಎನ್ನಬೇಕೆಂದುಕೊಂಡೆ, ಅಷ್ಟರಲ್ಲಿ ರೈಟ್ ಎಂದ, ಬಸ್ಸು ಹೊರಟಿತು, ಅವನು ಬಗ್ಗಿ ಯಾರಿಗೋ ಟಿಕೆಟ್ಟು ಕೊಡುತ್ತಿದ್ದಾನೆ, ಮೂಲೆ ಅಲ್ಲಾಡುತ್ತಿದೆ, ಈಗ ಬೇಡ್ಕಣಿ ದಾಟುತ್ತಿರಬಹುದು, ಗಾಳಿ ಬರುತ್ತಿರಬಹುದು, ಗುರುವಾರ ನಾನು ಹೋಗಬೇಕು, ಶುಕ್ರವಾರ ಅವಳದು ಹೋಗಬೇಕು, ಸೊಳೆ ಇನ್ನೂ ಎರಡು ಬುಟ್ಟಿ — ಖಾಕಿ ಜೇಬು, ಮೇಲೆ ಹಳದಿ ಮೂಲೆ. ಎರಡು ಬೆರಳಷ್ಟು. ಹಳದಿ ಮೂಲೆ.